ಮೂರು ತಿಂಗಳು ಊರು ಸುತ್ತಿದ ಕತ್ತೆ

ನಮ್ಮೂರಲ್ಲಿ ಬಾಗಿಲ ಸಂದಿಯಿಂದ ಒಂದು ಹುಲಿ ತೂರಿಕೊಂಡು ಒಳಗೆ ಬಂದರೆ ಯಾರೂ ಕಿರುಚುವುದಿಲ್ಲ. "ಯಾರ ಮನೇದು ಇದು?" ಅಂತ ಕೇಳುತ್ತೇವೆ, ಅಷ್ಟೆ. ಬೆಂಕಿಪೊಟ್ಟಣದವರದ್ದೋ, ಹೊಸದಾಗಿ ಶುರುವಾದ ಕೊಡೆ ಅಂಗಡಿಯವರದ್ದೋ ಆಗಿರುತ್ತದೆ. ಎದುರಿಂದ ನೋಡಿದರೆ ಹುಲಿ, ಪಕ್ಕದಿಂದ ನೋಡಿದರೆ ಬರೀ ಒಂದು ಗೆರೆ. ಪೊರಕೆ ತುದಿಯಲ್ಲಿ ಮೆಲ್ಲಗೆ ಹೊರಗೆ ತಳ್ಳಿ, ಸಂದಿಗೆ ಗೋಣಿತಾಟು ಒತ್ತಿ, ನಮ್ಮ ಕೆಲಸ ನಾವು ಮಾಡಿಕೊಳ್ಳುತ್ತೇವೆ. ಗಾಳಿಯ ದಿನ ಮಾತ್ರ ಸ್ವಲ್ಪ ಫಜೀತಿ. ಒಣಹಾಕಿದ ಸೀರೆ ತೆಗೆಯಲು ಹೋದರೆ ಅದಕ್ಕೆ ಒಂದು ಗಿಳಿಯೂ ಎರಡು ಆನೆಯೂ ಅಂಟಿಕೊಂಡಿರುತ್ತವೆ, ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಗುರುತಿನ ಕಚೇರಿಯ ಪದ್ಧತಿಯೇ ಹಾಗೆ. ನೀವೊಂದು ಪದಾರ್ಥ ಮಾಡುತ್ತೀರಿ, ಅದಕ್ಕೊಂದು ಗುರುತು ಬೇಕು ಅನ್ನಿ. ಚಿತ್ರ ಬರೆದುಕೊಂಡು ಕಚೇರಿಗೆ ಹೋಗಬೇಕು, ಯಾವ ಪದಾರ್ಥಕ್ಕೆ ಅಂತ ಹೇಳಬೇಕು. ಸೋಪಿಗಾದರೆ ಸೋಪಿನ ವರ್ಗ, ಚಪ್ಪಲಿಗಾದರೆ ಚಪ್ಪಲಿಯ ವರ್ಗ. ಆ ಚಿತ್ರ ಗುರುತಾಗಲು ಯೋಗ್ಯವೇ ಅಂತ ಸಾಹೇಬರು ಪರೀಕ್ಷೆ ಮಾಡುತ್ತಾರೆ. ಯೋಗ್ಯ ಅನ್ನಿಸಿದರೆ ಕಿಟಕಿ ತೆಗೆದು ಕಾಗದವನ್ನು ಒಂದು ಸಲ ಕೊಡವುತ್ತಾರೆ. ಚಿತ್ರ ಎದ್ದು ಬೀದಿಗೆ ಇಳಿಯುತ್ತದೆ. ಅಲ್ಲಿಂದ ಮೂರು ತಿಂಗಳು ಅದರ ತಿರುಗಾಟ. ಬೇರೆಯವರ ಗುರುತನ್ನು ಅದು ಹೋಲುತ್ತದೋ ಇಲ್ಲವೋ ಅಂತ ಕಚೇರಿ ನೋಡುವುದಿಲ್ಲ. "ಊರ ತುಂಬಾ ಬಿಟ್ಟಿದ್ದೀವಲ್ಲ, ತಕರಾರು ಇರೋರು ಹಿಡ್ಕೊಂಡು ಬರಲಿ" ಅನ್ನುತ್ತಾರೆ. ಯಾರೂ ಹಿಡಿಯದೆ, ಕೊನೆಯ ದಿನ ಸೂರ್ಯ ಮುಳುಗುವುದರೊಳಗೆ ಅದು ತಾನಾಗಿ ಒಡೆಯರ ಮನೆ ಹೊಸ್ತಿಲು ದಾಟಿದರೆ ಹತ್ತು ವರ್ಷ ಅದು ನಿಮ್ಮದು. ದಾಟದಿದ್ದರೆ ನಿಮ್ಮದಲ್ಲ. ಮತ್ತೆ ಅದೇ ಚಿತ್ರ ಬರೆಯುವ ಹಾಗೂ ಇಲ್ಲ.

ನಮ್ಮ ಮನೆಯಲ್ಲಿ ಗುರುತು ಬೇಕಾದದ್ದು ಸಾವಂತ್ರಿ ಅತ್ತಿಗೆಗೆ. ನನ್ನ ಅಣ್ಣನ ಹೆಂಡತಿ. ಹಿತ್ತಲಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ, ಕಾಸ್ಟಿಕ್ ಸೋಡಾ ಬೆರೆಸಿ, ಮರದ ತಟ್ಟೆಗಳಿಗೆ ಹೊಯ್ದು, ತಂತಿಯಲ್ಲಿ ಕತ್ತರಿಸಿ ಬಟ್ಟೆ ಸೋಪು ಮಾಡುತ್ತಾಳೆ. ಅಣ್ಣ ಸೈಕಲ್ಲಿಗೆ ಕಟ್ಟಿಕೊಂಡು ಮಾರಿ ಬರುತ್ತಾನೆ. ನಾನು ಜಗಲಿಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಕೂತವಳು. ಬೀದಿಯಲ್ಲಿ ನಡೆಯುವುದೆಲ್ಲ ನನ್ನ ಕಣ್ಣಿಗೇ ಮೊದಲು ಬೀಳುವುದು, ಹಾಗಾಗಿ ಈ ಕಥೆ ಹೇಳುವ ಹಕ್ಕೂ ನನ್ನದೇ. ಅತ್ತಿಗೆಯ ಸೋಪು ಎಷ್ಟು ಚೆನ್ನಾಗಿತ್ತೆಂದರೆ, ಯಾರ್ಯಾರೋ ಸುಣ್ಣದಂಥ ಸೋಪು ಮಾಡಿ "ಸಾವಂತ್ರಮ್ಮನ ಸೋಪು" ಅಂತ ಮಾರತೊಡಗಿದ್ದರು. ಕೈಗೆ ಬೊಬ್ಬೆ ಬಂದವರು ನಮ್ಮ ಮನೆ ಬಾಗಿಲಿಗೆ ಬಂದು ಶಾಪ ಹಾಕುತ್ತಿದ್ದರು. ಮಾಡಿದವರು ಯಾರೋ, ಬೈಸಿಕೊಳ್ಳುವವಳು ನಮ್ಮ ಅತ್ತಿಗೆ. ಅವಳು ತಟ್ಟೆ ಬೋರಲು ಹಾಕಿ, "ಗುರುತು ಸಿಕ್ಕರೆ ಸೋಪು ಮಾಡ್ತೀನಿ, ಇಲ್ಲದಿದ್ರೆ ಇವತ್ತಿಗೇ ಒಲೆ ಆರಿಸ್ತೀನಿ" ಅಂದುಬಿಟ್ಟಳು.

ಮೊದಲು ಅವಳು ಬರೆದುಕೊಂಡು ಹೋದದ್ದು ಒಂದು ನೊರೆಗುಳ್ಳೆ. ಸಾಹೇಬರು ಫಣಿಯಪ್ಪನವರು ಕನ್ನಡಕ ಹಣೆಗೇರಿಸಿ ನೋಡಿ ವಾಪಸು ಕೊಟ್ಟರು.

"ಏನಮ್ಮಾ ಇದು, ನೊರೆ ಯಾರ ಸೋಪಿಗೆ ಬರೋಲ್ಲ? ಇದನ್ನ ನಿಮಗೊಬ್ಬರಿಗೇ ಕೊಟ್ಟರೆ ಮಿಕ್ಕೋರೆಲ್ಲ ಎಲ್ಲಿಗೆ ಹೋಗ್ಬೇಕು?"

"ಹಾಗಾದ್ರೆ 'ಬೆಳ್ಳಗೆ ಮಾಡುವ ಸೋಪು' ಅಂತ ಬರ್ಕೊಂಡು ಬರ್ಲಾ ಸ್ವಾಮಿ?"

"ಅದು ಗುರುತಲ್ಲ, ಸೋಪಿನ ಗುಣ. ಗುಣ ಎಲ್ಲರ ಸೊತ್ತು. ಸೋಪಿಗೂ ಅದಕ್ಕೂ ಎತ್ತಣಿಂದೆತ್ತ ಅನ್ನಿಸೋ ಹಾಗಿರಬೇಕು. ನಿಮ್ಮದು ಅಂತ ನೋಡಿದ ತಕ್ಷಣ ಗೊತ್ತಾಗಬೇಕು. ಹೋಗಿ, ಯೋಚನೆ ಮಾಡಿ ಬನ್ನಿ."

ಅತ್ತಿಗೆ ಮುಖ ಹುಳ್ಳಗೆ ಮಾಡಿಕೊಂಡು ಮನೆಗೆ ಬಂದು, ಹಿತ್ತಲ ಕಟ್ಟೆಯ ಮೇಲೆ ಇದ್ದಿಲು ಹಿಡಿದು ಕೂತಳು. ಅಷ್ಟರಲ್ಲಿ ಒಳಗಿನಿಂದ ನನ್ನ ಅಮ್ಮ ಕೂಗಿದಳು, "ಏ ಕತ್ತೇ! ಹಾಲು ಉಕ್ತಾ ಇದೆ!"

ನನ್ನ ಅಮ್ಮನ ಗಂಟಲು ನಿಮಗೆ ಗೊತ್ತಿಲ್ಲ. ಮೂರು ಬೀದಿ ಆಚೆ ಎಮ್ಮೆ ಹಾಲು ಕರೆಯುವವರು ಕೂಡ ಒಂದು ಸಲ ಕೈ ನಿಲ್ಲಿಸಿ ಆಮೇಲೆ ಮುಂದುವರಿಸುತ್ತಾರೆ. ಅತ್ತಿಗೆ ಮದುವೆಯಾಗಿ ಬಂದ ಮಾರನೆಯ ದಿನ ಉಪ್ಪಿನ ಬದಲು ಸೋಡಾ ಹಾಕಿದ್ದಳಂತೆ. ಅವತ್ತು ಇಟ್ಟ ಹೆಸರು ಅದು. ಅಮ್ಮ ಅವಳನ್ನು ಸಾವಂತ್ರಿ ಅಂತ ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವತ್ತು ಆ ಕೂಗು ಕೇಳಿದ್ದೇ ಅತ್ತಿಗೆಯ ಕೈ ತಾನಾಗಿ ಓಡಿತು. ಹಾಲು ಇಳಿಸಿ ಬಂದ ನಾನು ನೋಡಿದರೆ ಕಾಗದದ ಮೇಲೊಂದು ಕತ್ತೆ ನಿಂತಿದೆ! ಒಂದು ಕಿವಿ ಸೊಟ್ಟ, ಬಾಲ ಗಿಡ್ಡ, ಹಲ್ಲು ಪೂರ್ತಿ ಹೊರಗೆ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

"ಅತ್ತಿಗೇ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರೆ. ಸೋಪಿಗೆ ಕತ್ತೆ ಗುರುತಾ?"

"ಎತ್ತಣಿಂದೆತ್ತ ಅಂದ್ರಲ್ಲ ಸಾಹೇಬರು, ಇದಕ್ಕಿಂತ ಬೇಕಾ?" ಅಂದಳು ಅತ್ತಿಗೆ. ಆಮೇಲೆ ದನಿ ತಗ್ಗಿಸಿ, "ಈ ಮನೇಲಿ ನನ್ನದು ಅಂತ ನನಗೆ ಸಿಕ್ಕಿದ್ದು ಇದೊಂದೇ ಹೆಸರು ಕಣೇ. ಇದನ್ನೇ ಕೊಡ್ಲಿ ನೋಡೋಣ" ಅಂದಳು. ನನಗೆ ನಗು ಅಲ್ಲಿಗೇ ನಿಂತಿತು.

ಫಣಿಯಪ್ಪನವರು ಕತ್ತೆಯನ್ನು ನೋಡಿ ಬಹಳ ಸಂತೋಷಪಟ್ಟರು. ಕಿಟಕಿ ತೆಗೆದು ಕಾಗದ ಕೊಡವಿದರು. ಕತ್ತೆ ಬೀದಿಗೆ ಬಿತ್ತು, ಎದ್ದಿತು, ಎಲ್ಲರಿಗೂ ಹಲ್ಲು ತೋರಿಸುತ್ತಾ ಹೊರಟಿತು. ಅಬ್ಬಬ್ಬಾ, ಆ ಮೂರು ತಿಂಗಳು ನಮ್ಮೂರು ನಕ್ಕ ಹಾಗೆ ಯಾವತ್ತೂ ನಕ್ಕಿರಲಿಲ್ಲ. ಕ್ಷೌರದ ಅಂಗಡಿಯ ಕನ್ನಡಿಗೆ ಅದು ಅಂಟಿಕೊಂಡು, ಗಡ್ಡ ಹೆರೆಸಿಕೊಳ್ಳಲು ಕೂತವರಿಗೆ ತಮ್ಮ ಮುಖದ ಬದಲು ಕತ್ತೆಯ ಮುಖ ಕಂಡಿತು. ಶಾಲೆಯಲ್ಲಿ ಕರಿಹಲಗೆಯ ಮೇಲೆ ಹೋಗಿ ಮಲಗಿದ್ದಾಗ ಮೇಷ್ಟರು ಬಟ್ಟೆ ತೆಗೆದುಕೊಂಡು ಒರೆಸಿದ್ದೇ ಒರೆಸಿದ್ದು. ಮದುವೆ ಮನೆಯ ಫೋಟೋ ತೆಗೆಸಿಕೊಂಡವರು ಆಮೇಲೆ ನೋಡಿದರೆ ಮದುಮಗನ ಪಕ್ಕದಲ್ಲೇ ಕತ್ತೆ! ಜನ ಅಂಗಡಿಗಳಲ್ಲಿ "ಆ ನಗೋ ಕತ್ತೆ ಸೋಪು ಬಂತಾ?" ಅಂತ ಕೇಳತೊಡಗಿದರು. ಅಣ್ಣನ ಸೈಕಲ್ಲು ಬೀದಿ ತಿರುಗುವುದರೊಳಗೆ ಖಾಲಿಯಾಗುತ್ತಿತ್ತು.

ತೊಂದರೆ ಶುರುವಾದದ್ದು ನಮ್ಮ ಮನೆಯಲ್ಲೇ. ಅಮ್ಮ ರೂಢಿಯಂತೆ "ಏ ಕತ್ತೇ!" ಅಂತ ಕೂಗುತ್ತಿದ್ದಳು. ಅತ್ತಿಗೆಯೂ ಓಡಿ ಬರುತ್ತಿದ್ದಳು, ಊರಿನ ಯಾವ ಮೂಲೆಯಲ್ಲಿದ್ದರೂ ಆ ಕತ್ತೆಯೂ ಓಡಿ ಬರುತ್ತಿತ್ತು. ಒಳಗೆ ಬರುತ್ತಿರಲಿಲ್ಲ. ಹೊಸ್ತಿಲ ಆಚೆ ನಿಂತು ಕತ್ತು ಚಾಚಿ ನೋಡಿ ಹೋಗುತ್ತಿತ್ತು, ತಿರುಗಾಟ ಮುಗಿಯದೆ ಒಳಗೆ ಬರಬಾರದು ಅಂತ ಅದಕ್ಕೂ ತಿಳಿದಿತ್ತೇನೋ. ಆದರೆ ಒಂದು ದಿನ ಸೋದರಮಾವನ ಮನೆಯವರೆಲ್ಲ ಊಟಕ್ಕೆ ಬಂದಿದ್ದರು. ಜಗಲಿಯ ಮೇಲೇ ಎಲೆ ಹಾಕಿದ್ದೆವು. ಅಮ್ಮ ಹುಳಿಯ ಪಾತ್ರೆ ಹಿಡಿದುಕೊಂಡು ಬಂದು, ಸೌಟು ಮರೆತದ್ದು ನೆನಪಾಗಿ, ನಿಂತಲ್ಲಿಂದಲೇ "ಏ ಕತ್ತೇ! ಸೌಟು ತಾರೇ!" ಅಂದಳು. ಕತ್ತೆ ಗಾಳಿಯ ಜೊತೆ ಬಂದದ್ದು ನೇರ ಹುಳಿಯೊಳಗೆ ಬಿತ್ತು. ಎತ್ತಿ ನೋಡಿದರೆ ಮೈಯೆಲ್ಲ ಅರಿಶಿನ, ಹಲ್ಲಿನ ಸಂದಿಯಲ್ಲಿ ಕರಿಬೇವು. ಮಾವ ಎಲೆ ಬಿಟ್ಟು ಎದ್ದು ನಗಾಡಿದರು.

ಅತ್ತಿಗೆ ಅದನ್ನು ತಂತಿಯ ಮೇಲೆ ಒಣಹಾಕಿ ಬಂದು, ಮೊದಲ ಸಲ ಅತ್ತೆಗೆ ಎದುರು ನಿಂತಳು. "ಅತ್ತೇ, ಇನ್ಮೇಲೆ ನನ್ನ ಹೆಸರು ಹಿಡಿದೇ ಕರೀರಿ. ಆ ಪದ ಈಗ ವ್ಯಾಪಾರದ್ದು. ನೀವು ಹೊತ್ತುಗೊತ್ತಿಲ್ಲದೆ ಕೂಗಿದ್ರೆ ಅದು ಹೆದರಿ ಎಲ್ಲಾದ್ರೂ ಹರಿದುಹೋಗುತ್ತೆ."

ಅಮ್ಮನಿಗೆ ಸರ್ರನೆ ಏರಿತು. "ಓಹೋ! ನನ್ನ ಬಾಯಲ್ಲಿ ಹುಟ್ಟಿದ ಮಾತಿಗೆ ನನಗೇ ಬೀಗವಾ? ಆಗ್ಲಿ ಕಣಮ್ಮಾ. ಇನ್ನು ಈ ನಾಲಿಗೆ ಮೇಲೆ ಆ ಪದ ಬಂದ್ರೆ ಕೇಳು!"

ಅವತ್ತಿನಿಂದ ಮನೆಯಲ್ಲಿ ಬೇರೆಯೇ ನಾಟಕ. "ಸಾವಂತ್ರಮ್ಮನವರೇ, ತಾವು ಊಟಕ್ಕೆ ದಯಮಾಡಿಸ್ತೀರಾ?" "ಸಾವಂತ್ರಮ್ಮನವರ ಅಪ್ಪಣೆಯಾದ್ರೆ ಹೆಪ್ಪು ಹಾಕ್ತೀನಿ." ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಅತ್ತಿಗೆ ನಗಲಿಲ್ಲ. ಬೈಗುಳ ತಿಂದು ಬದುಕಿದವಳಿಗೆ ಆ ಮರ್ಯಾದೆ ಬೈಗುಳಕ್ಕಿಂತ ಜೋರಾಗಿ ಚುಚ್ಚುತ್ತಿತ್ತು. ಒಂದು ದಿನ ನೀರು ಸೇದುತ್ತಾ, "ಮನೆ ಬಿಕೋ ಅಂತಿದೆ ಅಲ್ವೇನೇ?" ಅಂದಳು. ಆದರೆ ಇಬ್ಬರಲ್ಲಿ ಯಾರೂ ಬಗ್ಗಲಿಲ್ಲ.

ಇನ್ನೇನು ಮೂರು ತಿಂಗಳು ಮುಗಿಯಬೇಕು, ಗುರುಮಲ್ಲಪ್ಪನವರು ಕತ್ತೆಯನ್ನು ಹಿಡಿದುಬಿಟ್ಟರು. ಇವರು ಕುದುರೆ ಛಾಪು ಸೋಪಿನ ಮನೆತನದವರು. ತಾತನ ಕಾಲದಲ್ಲಿ ಊರಿಗೆಲ್ಲ ಅದೇ ಸೋಪಂತೆ. ಈಗ ಕಾರ್ಖಾನೆಯ ಚಿಮಣಿಯಲ್ಲಿ ಅರಳಿ ಗಿಡ ಹುಟ್ಟಿದೆ, ಆದರೆ ಗುರುಮಲ್ಲಪ್ಪನವರ ಮೀಸೆ ಮಾತ್ರ ಹಾಗೇ ಇದೆ. ಕುದುರೆಯನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ ನಡುಮನೆಯಲ್ಲಿ ನೇತುಹಾಕಿದ್ದರು, ಹತ್ತು ವರ್ಷಕ್ಕೊಮ್ಮೆ ಓಲಗ ಊದಿಸಿ ನವೀಕರಣ ಮಾಡಿಸುತ್ತಿದ್ದರು. ನಮ್ಮ ಕತ್ತೆ ಅವರ ಗೇಟಿನ ಮೇಲೆ ಮಲಗಿದ್ದಾಗ ಬಾಲ ಹಿಡಿದೆಳೆದು, ಕ್ಯಾಲೆಂಡರ್ ಸುತ್ತಿದ ಹಾಗೆ ಸುತ್ತಿ, ದಾರ ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ನೇರ ಕಚೇರಿಗೆ ಹೋದರು. ವಿಚಾರಣೆ ಬಿದ್ದದ್ದು ತಿರುಗಾಟದ ಕೊನೆಯ ದಿನಕ್ಕೇ. ಅತ್ತಿಗೆ ಎರಡು ದಿನ ಒಲೆಯನ್ನೇ ಹಚ್ಚಲಿಲ್ಲ.

ವಿಚಾರಣೆಗೆ ಊರೇ ಬಂದಿತ್ತು. ಅಮ್ಮನೊಬ್ಬಳು ಬರಲಿಲ್ಲ. "ಸಾವಂತ್ರಮ್ಮನವರ ವ್ಯವಹಾರ, ನಮಗ್ಯಾಕೆ" ಅಂದು ಒಳಗೆ ಕೂತಳು. ಗುರುಮಲ್ಲಪ್ಪನವರು ಕುದುರೆಯನ್ನು ಚೌಕಟ್ಟಿನ ಸಮೇತ ಹೊತ್ತು ತಂದಿದ್ದರು. ಎದ್ದು ನಿಂತು, "ಸ್ವಾಮಿ, ಇದಕ್ಕೂ ನಾಲ್ಕು ಕಾಲು, ನಮ್ಮದಕ್ಕೂ ನಾಲ್ಕು ಕಾಲು. ಇದಕ್ಕೂ ಬಾಲ, ನಮ್ಮದಕ್ಕೂ ಬಾಲ. ಎರಡೂ ಸೋಪೇ. ನಮ್ಮ ಕುದುರೆ ಹೆಸರಲ್ಲಿ ಈಕೆ ಮಾರ್ತಿದಾಳೆ" ಅಂದರು.

"ನನ್ನ ಕತ್ತೆ ಹಲ್ಲು ಕಿಸೀತಿದೆ ಸ್ವಾಮಿ, ಅವರ ಕುದುರೆ ಗಂಭೀರವಾಗಿದೆ" ಅಂದಳು ಅತ್ತಿಗೆ.

"ಕುದುರೆಗೂ ನಗು ಬರಬಹುದು!" ಅಂತ ಗುರುಮಲ್ಲಪ್ಪನವರು ಗುಡುಗಿದರು. ಜನ ಹೋ ಅಂದರು.

ಫಣಿಯಪ್ಪನವರು ಮೇಜು ಕುಟ್ಟಿದರು. "ನಾನು ನೋಡಿ ಹೇಳಿದ್ರೆ ಆಗೋಲ್ಲ, ನೀವು ನೋಡಿ ಹೇಳಿದ್ರೂ ಆಗೋಲ್ಲ. ಗಿರಾಕಿ ಎರಡನ್ನೂ ಅಕ್ಕಪಕ್ಕ ಇಟ್ಕೊಂಡು ನೋಡೋಲ್ಲ, ಅರ್ಧ ನೆನಪಲ್ಲಿ ಅಂಗಡಿಗೆ ಬರ್ತಾಳೆ. ಅಂಥೋರನ್ನ ಕರೀರಿ." ಬೀದಿಯಲ್ಲಿ ಸೊಪ್ಪಿನ ಕಟ್ಟು ಹೊತ್ತುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸನ್ನು ಒಳಗೆ ಕರೆಸಿದರು. ಕುದುರೆ ತೋರಿಸಿದರು. ಹೊರಗೆ ಕೂರಿಸಿ, ಅರ್ಧ ಮರೆಯುವಷ್ಟು ಹೊತ್ತು ಬಿಟ್ಟು, ಮತ್ತೆ ಕರೆದು ಕತ್ತೆಯ ಸುರುಳಿ ಬಿಡಿಸಿ ತೋರಿಸಿದರು.

"ಆಗ್ಲೇ ತೋರಿಸಿದ್ರಲ್ಲ ಸ್ವಾಮಿ, ಅದನ್ನೇ ಎಷ್ಟು ಸಲ ತೋರಿಸ್ತೀರಾ? ನನ್ನ ಸೊಪ್ಪು ಬಾಡ್ತಾ ಇದೆ!" ಅಂದಳು ಆಕೆ.

ಅಯ್ಯೋ ಶಿವನೇ! ಗುರುಮಲ್ಲಪ್ಪನವರು ಮೀಸೆ ತಿರುವಿದರು. ಸಾಹೇಬರ ಕೈ ರಬ್ಬರಿನ ಕಡೆ ಹೋಯಿತು. ಒಂದು ಸಲ ಉಜ್ಜಿದರೆ ಕತ್ತೆ ಮುಗಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಆಗ ಅತ್ತಿಗೆಯ ದನಿ ಕೇಳಿತು. ಅವಳದ್ದು ಇರುವೆ ನಡೆದಂಥ ದನಿ, ಕಿವಿಗೊಟ್ಟರೆ ಮಾತ್ರ ಕೇಳುತ್ತದೆ.

"ಸ್ವಾಮಿ, ಈಯಮ್ಮ ಮರೆತುಹೋಗೋದಕ್ಕಾದ್ರೂ ಆ ಕುದುರೇನ ಈ ಕಚೇರಿ ಬಿಟ್ಟು ಬೇರೆ ಎಲ್ಲಾದ್ರೂ ಮೊದಲು ನೋಡಿರಬೇಕಲ್ವಾ? ಕುದುರೆ ಸೋಪು ಯಾವ ಅಂಗಡೀಲಿ ಸಿಗುತ್ತೆ, ಸ್ವಲ್ಪ ಕೇಳಿ."

ಸಾಹೇಬರು ರಬ್ಬರು ಕೆಳಗಿಟ್ಟರು. ಅವರ ಮುಖ ಹಬ್ಬದ ದಿನದ ಹಾಗೆ ಅರಳಿತು. "ಸರಿಯಾಗಿ ಕೇಳಿದ್ರಿ ನೋಡಿ! ಐದು ವರ್ಷ ದಾಟಿದ ಗುರುತು ಇನ್ನೊಬ್ಬರ ಮೇಲೆ ತಕರಾರು ತಂದ್ರೆ, ತಾನು ದುಡೀತಾ ಇದೀನಿ ಅಂತ ತೋರಿಸಬೇಕು. ಆದ್ರೆ ಎದುರಿನೋರು ಬಾಯಿಬಿಟ್ಟು ಕೇಳಿದ್ರೆ ಮಾತ್ರ. ಗುರುಮಲ್ಲಪ್ಪನವರೇ, ಕುದುರೇನ ಇಳಿಸಿ."

ಪರೀಕ್ಷೆ ಸುಲಭದ್ದು. ದುಡಿಯುವ ಗುರುತಿಗೆ ತನ್ನ ಪದಾರ್ಥದ ವಾಸನೆ ಬಡಿದರೆ ಸಾಕು, ಹಾರಿ ಹೋಗಿ ಅದರ ಮೇಲೆ ಒತ್ತಿಕೊಳ್ಳುತ್ತದೆ. ಗುರುಮಲ್ಲಪ್ಪನವರು ದೇವರ ಮನೆಯಲ್ಲಿಟ್ಟಿದ್ದ, ತಾತನ ಕಾಲದ ಒಂದು ಸೋಪಿನ ಬಿಲ್ಲೆ ತರಿಸಿ ಮೇಜಿನ ಮೇಲಿಟ್ಟರು. ಗಾಜು ತೆಗೆದರು. ಕುದುರೆ ಇಳಿಯಿತು. ಬಿಲ್ಲೆಯ ಸುತ್ತ ಒಂದು ಸುತ್ತು ಬಂತು, ಮೂಸಿತು, ಜೋರಾಗಿ ಸೀನಿತು. "ಬಾರೋ ರಾಜಾ, ಸೋಪು ಕಣೋ, ನಮ್ಮ ಸೋಪು!" ಅಂತ ಯಜಮಾನರು ಗೋಗರೆದರು. ಕುದುರೆ ತಿರುಗಿ ಹೋಗಿ, ಖಾಲಿ ಚೌಕಟ್ಟಿನೊಳಗೆ ಹತ್ತಿ, ಮುಂಗಾಲೆತ್ತಿ ಮೊದಲಿನ ಹಾಗೇ ನಿಂತುಕೊಂಡಿತು. ಜನ ನಕ್ಕ ನಗುವಿಗೆ ಕಿಟಕಿಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು.

"ತಕರಾರು ವಜಾ" ಅಂದರು ಸಾಹೇಬರು. "ಅಮ್ಮಾ, ನೀವು ಕೇಳೋದಾದ್ರೆ ಈ ಕುದುರೇನೂ ಈಗಲೇ ಅಳಿಸಿಬಿಡ್ತೀನಿ. ದುಡಿಯದ ಗುರುತು ಇಟ್ಕೊಳ್ಳೋ ಹಾಗಿಲ್ಲ."

ಗುರುಮಲ್ಲಪ್ಪನವರು ಚೌಕಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿಯವರು, ಅವತ್ತು ಮಾತ್ರ ಮೀಸೆ ನಡುಗುತ್ತಿತ್ತು. ಅತ್ತಿಗೆ ಅದನ್ನು ನೋಡಿದಳು. "ನಾನು ಕೇಳಲ್ಲ ಸ್ವಾಮಿ, ನನ್ನ ಕತ್ತೆಗೆ ದಾರಿ ಬಿಟ್ರೆ ಸಾಕು" ಅಂದು, ಅವರ ಕಡೆ ತಿರುಗಿ, "ಯಜಮಾನರೇ, ಅದಕ್ಕೂ ನಿಂತೂ ನಿಂತೂ ಕಾಲು ನೋವು ಬಂದಿರುತ್ತೆ. ಸೋಪು ಮಾಡೋದು ಮರೆತಿದ್ರೆ ನಮ್ಮ ಹಿತ್ತಲಿಗೆ ಬನ್ನಿ, ತೋರಿಸಿಕೊಡ್ತೀನಿ" ಅಂದಳು. ನಾನಾಗಿದ್ದರೆ ಕುದುರೆಯ ಬಾಲವನ್ನೂ ಬಿಡುತ್ತಿರಲಿಲ್ಲ ಅನ್ನಿ.

ಗೆದ್ದೆವು ಅಂತ ಕುಣಿಯುತ್ತಾ ಹೊರಗೆ ಬಂದರೆ ಅಸಲು ಗ್ರಹಚಾರ ಅಲ್ಲಿತ್ತು. ಹೊತ್ತು ಇಳಿಯುತ್ತಿತ್ತು. ಕತ್ತೆಯನ್ನು ಹಿಡಿದ ಜಾಗದಲ್ಲೇ, ಅಂದರೆ ಗುರುಮಲ್ಲಪ್ಪನವರ ಗೇಟಿನ ಹತ್ತಿರವೇ ಬಿಡಬೇಕು, ಅಲ್ಲಿಂದ ಅದು ತಾನಾಗಿ ಮನೆಗೆ ಬರಬೇಕು. ಸಾಹೇಬರೇ ಬಂದು ಬಿಟ್ಟರು. ಬಿಟ್ಟ ಕ್ಷಣವೇ ಅದು ಸುರುಕ್ಕನೆ ಮತ್ತೆ ಸುತ್ತಿಕೊಂಡಿತು! ಅಷ್ಟು ದಿನ ದಾರ ಬಿಗಿದು ಇಟ್ಟಿದ್ದರಲ್ಲ. ತಲೆ ಸುರುಳಿಯ ನಟ್ಟನಡುವೆ, ಕಿವಿ ಅದರೊಳಗೆ, ಹೊರಗೆ ಕಾಣುತ್ತಿದ್ದದ್ದು ಗಿಡ್ಡ ಬಾಲ ಮಾತ್ರ. ನಾನು ಮನೆಗೆ ಓಡಿ ಇಸ್ತ್ರಿಪೆಟ್ಟಿಗೆ ತರುತ್ತೇನೆ ಅಂದೆ. "ಮುಟ್ಟೋ ಹಾಗಿಲ್ಲ" ಅಂದರು ಸಾಹೇಬರು. ಅತ್ತಿಗೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕರೆದಳು, ಕೈಮುಗಿದಳು, ಕೊನೆಗೆ ಅತ್ತಳು. ಆ ಇರುವೆ ದನಿ ಒಂದು ಸುತ್ತಿನ ಒಳಗೂ ಹೋಗಲಿಲ್ಲ. ನಾನೂ ಅರಚಿದೆ, ಅಣ್ಣ ಸೈಕಲ್ ಬೆಲ್ಲು ಹೊಡೆದ. ಬಾಲ ಅಲುಗಲಿಲ್ಲ.

ಅಷ್ಟು ಸುತ್ತು ದಾಟಿ ಒಳಗೆ ಹೋಗುವ ಗಂಟಲು ಊರಲ್ಲಿ ಒಂದೇ ಒಂದು ಇತ್ತು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಅಮ್ಮ ಒಲೆಯ ಮೇಲೆ ಹಾಲಿಟ್ಟು ಬತ್ತಿ ಹೊಸೆಯುತ್ತಿದ್ದಳು. ಏದುಸಿರಲ್ಲಿ ಎಲ್ಲ ಹೇಳಿದೆ. "ನಾನು ಆ ಪದ ಬಿಟ್ಟಿದ್ದೀನಿ" ಅಂದಳು ಅಮ್ಮ, ತಲೆಯೆತ್ತದೆ. "ಅವಳೇ ಬೇಡ ಅಂದದ್ದು."

"ಅಮ್ಮಾ, ಅವಳು ಬೀದೀಲಿ ಕೂತು ಅಳ್ತಾ ಇದಾಳೆ."

ಬತ್ತಿ ಹೊಸೆಯುವ ಕೈ ನಿಂತಿತು. "ಅಳ್ತಾ ಇದಾಳಾ? ಬೀದೀಲಿ? ಎಲ್ಲರ ಎದುರಿಗೆ?" ಅಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು. "ನಾನು ಅಷ್ಟು ಬೈದಿದೀನಿ, ಒಂದು ದಿನ ನನ್ನೆದುರಿಗೆ ಅತ್ತವಳಲ್ಲ ಅವಳು. ಅವಳನ್ನ ಅಳಿಸೋಕೆ ಇವರ್ಯಾರು?"

ಹೊಸ್ತಿಲ ಮೇಲೆ ಬಂದು ನಿಂತಳು. ಬಾಗಿಲ ಎರಡೂ ಕಡೆ ಕೈ ಕೊಟ್ಟಳು. ಸೂರ್ಯ ಎದುರು ಮನೆಯ ಹೆಂಚಿಗೆ ಮುಟ್ಟಿದ್ದ. ಅಮ್ಮ ಉಸಿರೆಳೆದುಕೊಂಡು ಕೂಗಿದಳು.

"ಏ ಕತ್ತೇ! ಎಲ್ಲಿ ಹಾಳಾಗಿ ಹೋದ್ಯೇ! ಬಾರೇ ಮನೆಗೇ!"

ಎಮ್ಮೆ ಕರೆಯುವವರು ಕೈ ನಿಲ್ಲಿಸಿದರು. ಬೀದಿಯ ತುದಿಯಲ್ಲಿ ಸುರುಳಿ ಫಟಾರನೆ ಬಿಚ್ಚಿಕೊಂಡಿತು. ಸೊಟ್ಟ ಕಿವಿ ನೆಟ್ಟಗಾಗಿ, ಹಲ್ಲು ಕಿಸಿದುಕೊಂಡು, ಧೂಳೆಬ್ಬಿಸುತ್ತಾ ಕತ್ತೆ ಓಡಿ ಬಂತು. ಅದರ ಹಿಂದೆ ಕಣ್ಣೊರೆಸಿಕೊಳ್ಳುವುದನ್ನೂ ಮರೆತು, "ಬಂದೇ ಅತ್ತೇ! ಬಂದೇ!" ಅಂತ ಅತ್ತಿಗೆ ಓಡಿ ಬಂದಳು. ಅವಳ ಹಿಂದೆ ಸಾಹೇಬರು, ಅಣ್ಣ, ಚೌಕಟ್ಟು ಹಿಡಿದುಕೊಂಡ ಗುರುಮಲ್ಲಪ್ಪನವರು, ಅರ್ಧ ಊರು. ಕತ್ತೆ ಅಮ್ಮನ ಕಾಲ ಸಂದಿಯಿಂದ ತೂರಿ, ನಡುಮನೆ ದಾಟಿ, ಹಿತ್ತಲಿಗೆ ಹೋಗಿ ಒಣಹಾಕಿದ್ದ ಸೋಪಿನ ಮೇಲೆ ಹಾರಿತು. ಒಂದು ಬಿಲ್ಲೆ ಬಿಡದೆ ಎಲ್ಲದರ ಮೇಲೂ ಕುಣಿದಾಡಿತು. ಎಲ್ಲದರ ಮೇಲೂ ನಗುವ ಕತ್ತೆ ಮೂಡಿತು.

ಅತ್ತಿಗೆ ಹೊಸ್ತಿಲ ಹತ್ತಿರ ನಿಂತು ಏದುಸಿರು ಬಿಡುತ್ತಿದ್ದಳು. "ಅತ್ತೇ, ಈಗ ನೀವು ಕರೆದದ್ದು ಅದನ್ನಾ, ನನ್ನನ್ನಾ?"

ಅಮ್ಮ ತನ್ನ ಸೆರಗಿನಿಂದ ಅವಳ ಕೆನ್ನೆಯನ್ನು ಒರಟಾಗಿ ಒರೆಸಿದಳು. "ಮನೆಯೋರನ್ನ ಕರೆದೆ. ಮನೆಯೋರು ಯಾರೋ ಅವರು ಬಂದ್ರಿ. ನಡಿ ಒಳಗೆ, ಹಾಲು ಉಕ್ತಾ ಇರಬೇಕು."

ಹಾಲು ಆಗಲೇ ಉಕ್ಕಿ ಒಲೆಯ ಮೇಲೆಲ್ಲ ಹರಿದುಹೋಗಿತ್ತು. ಅವತ್ತು ಅದಕ್ಕೆ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ.